ಆರು ಶನಿವಾರ, ಒಂದು ಹಳೇ ಸ್ವಿಫ್ಟ್: ತುಮಕೂರಿನ ರೈಡ್ ಅಂಡ್ ಹ್ಯಾಂಡ್ಲಿಂಗ್ ತರಬೇತಿ ಹೇಗಿದೆ?

ರೈಡ್ ಅಂಡ್ ಹ್ಯಾಂಡ್ಲಿಂಗ್, ಅಂದರೆ ಕಾರಿನ ಕುಲುಕಾಟ ಮತ್ತು ಹಿಡಿತವನ್ನು ಪರೀಕ್ಷಿಸಿ ಹದಗೊಳಿಸುವ ಕೆಲಸ, ಬಿಟ್ಟು ಎಂಟು ಹತ್ತು ವರ್ಷವಾದವರು ಸೂತ್ರಗಳನ್ನು ಪುಸ್ತಕ ತೆಗೆದು ಒಂದು ವಾರದಲ್ಲಿ ನೆನಪಿಸಿಕೊಳ್ಳಬಹುದು. ಸೊಂಟ ಮರೆತದ್ದು ಅಷ್ಟು ಸುಲಭಕ್ಕೆ ವಾಪಸ್ ಬರುವುದಿಲ್ಲ. ಸೀಟಿನಲ್ಲಿ ಕೂತು, ಇದು ಬಾಡಿ ತೂಗುತ್ತಿರುವುದೋ ಚಕ್ರ ಕುಣಿಯುತ್ತಿರುವುದೋ ಎಂದು ಹೇಳುವುದು ರೂಢಿಯ ಮಾತು. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕ, ಬಟವಾಡಿ ಕಡೆಯ, ಚಕ್ರದ ಕೋನ ಹೊಂದಿಸುವ ಒಂದು ಅಲೈನ್‌ಮೆಂಟ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಡೆಯುವ ಆರು ಶನಿವಾರಗಳ ತರಬೇತಿ ಇದೇ ರೂಢಿಯನ್ನು ವಾಪಸ್ ತರಿಸುವುದಕ್ಕೆ ಹೊರಟಿದೆ. ಮುಕ್ಕಾಲು ಭಾಗ ಗೆದ್ದಿದೆ. ಉಳಿದ ಕಾಲು ಭಾಗದ ತಕರಾರು ಮುಂದೆ ಬರುತ್ತದೆ.

ಶುಲ್ಕ 18,000 ರೂಪಾಯಿ, ಒಂದು ತಂಡಕ್ಕೆ ಎಂಟೇ ಜನ. ಬರುವವರಲ್ಲಿ ಚಾಸಿ (ಸಸ್ಪೆನ್ಶನ್, ಸ್ಟೀರಿಂಗ್, ಬ್ರೇಕ್) ವಿಭಾಗ ಬಿಟ್ಟು ಐಟಿಗೆ ಹಾರಿದವರು, ಮಕ್ಕಳು ಸ್ಕೂಲಿಗೆ ಸೇರಿದ ಮೇಲೆ ಮರಳುತ್ತಿರುವ ತಾಯಂದಿರು, ತೆಂಗಿನ ತೋಟ ನೋಡಿಕೊಳ್ಳಲು ತಿಪಟೂರು ಕಡೆ ನಿಂತವರು, ಹೀಗೆ ಎಲ್ಲ ಥರದವರೂ ಇರುತ್ತಾರೆ. ಪಾಠ ಮಾಡುವವರು ಇಬ್ಬರು: ಕಾರು ಕಂಪನಿಯ ಚಾಸಿ ವಿಭಾಗದಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು, ಅಂಗಡಿಯ ಮೇಸ್ತ್ರಿ ಇನ್ನೊಬ್ಬರು. ಮೊದಲನೆಯವರನ್ನು ಎಲ್ಲರೂ ಸರ್ ಅನ್ನುತ್ತಾರೆ, ಎರಡನೆಯವರನ್ನು ಅಣ್ಣ. ಕಲಿಯುವ ವಿಷಯ ಹೆಚ್ಚು ಸಿಗುವುದು ಅಣ್ಣನ ಹತ್ತಿರ.

ಮೊದಲ ಶನಿವಾರ ಕಾರು ಅಲುಗುವುದೇ ಇಲ್ಲ, ದಿನವಿಡೀ ಅಳತೆ. ಎರಡನೇ ತಲೆಮಾರಿನ ಸ್ವಿಫ್ಟ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ಸರ್ ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಶನ್ ಬೀಮ್ (ಎರಡು ಹಿಂಚಕ್ರಗಳನ್ನು ಕೂಡಿಸುವ, ತಿರುಚಿಕೊಳ್ಳುವ ತೊಲೆ), ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್ 2,430 ಮಿ.ಮೀ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟು ತೂಕ, ತಣ್ಣಗಿರುವಾಗ ಟೈರಿನ ಗಾಳಿ, ಆಮೇಲೆ ಎತ್ತರ. ಎತ್ತರವನ್ನು ನೆಲದಿಂದ ಅಳೆಯಬಾರದು. ಟೈರ್ ಸವೆದಷ್ಟೂ, ಗಾಳಿ ಇಳಿದಷ್ಟೂ ಅಂಕಿ ಸುಳ್ಳಾಗುತ್ತದೆ. ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪ್ ಹಿಡಿಯಬೇಕು. ಈ ನಾಲ್ಕು ಅಂಕಿಗಳನ್ನು ಬಾಗಿಲ ಪಕ್ಕ ಅಂಟಿಸಿಡುತ್ತಾರೆ. ಏಕೆಂದು ಎರಡನೇ ವಾರ ಗೊತ್ತಾಗುತ್ತದೆ.

ಚಾಲಕನ ಬದಲಿಗೆ 25 ಕೆ.ಜಿ.ಯ ಮೂರು ರಾಗಿ ಚೀಲ. ನೋಡಿ ನಗು ಬರಬಹುದು, ಆದರೆ ಮರಳಿನ ಚೀಲಕ್ಕಿಂತ ಇದು ವಾಸಿ: ಸೋರಿದರೂ ಸೀಟಿನ ರೈಲಿನಲ್ಲಿ ಮರಳು ಕಚ್ಚಿಕೊಳ್ಳುವುದಿಲ್ಲ. ಮೂರನ್ನೂ ಸೀಟಿನ ಮೇಲೆ ಒಂದರ ಮೇಲೊಂದು ಪೇರಿಸಿದರೆ ಭಾರ ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ. ಎರಡು ಚೀಲ ಸೀಟಿನ ಮೇಲೆ, ಒಂದು ಕಾಲಿಡುವ ಜಾಗದಲ್ಲಿ ಇಟ್ಟು ಬೆಲ್ಟ್ ಬಿಗಿಯುವುದು ಸರಿ. ಪೆಟ್ರೋಲ್ ಟ್ಯಾಂಕ್ ಎಷ್ಟು ತುಂಬಿದೆ ಎಂದು ಬರೆದುಕೊಳ್ಳದೆ ಮುಂದಿನ ವಾರ ತೂಕ ಹೋಲಿಸಲು ಹೊರಟರೆ ಹಿಂದಿನ ಆಕ್ಸಲ್ ಲೆಕ್ಕ ಕೈಕೊಡುತ್ತದೆ.

ಬಾನೆಟ್ ಅದುಮಿ ಬಿಟ್ಟು ಶಾಕಪ್ಸರ್ ಪರೀಕ್ಷೆ ಮಾಡುವ ಪದ್ಧತಿಯನ್ನು ಇಲ್ಲಿ ಮೊದಲ ದಿನವೇ ಬಿಡಿಸುತ್ತಾರೆ. ಪೂರ್ತಿ ಸತ್ತ ಶಾಕಪ್ಸರನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ.

ಎರಡನೇ ಶನಿವಾರ ಇಡೀ ತರಬೇತಿಯ ಜೀವ. ವಿಷಯ ಬುಶ್ (ಸಸ್ಪೆನ್ಶನ್ ಕೀಲಿನ ರಬ್ಬರ್ ತುಂಡು) ಮತ್ತು ಅಲೈನ್‌ಮೆಂಟ್. ಅಣ್ಣ ಚಕ್ರವನ್ನು ಫ್ರೇಮಿಗೆ ಕೂಡಿಸುವ ಎರಡು ಹೊಸ ಲೋಯರ್ ಆರ್ಮ್ ತಂದು, ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಯಿಂದ ಹೊರಗಿನ ಕೋಶದವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತಾರೆ. ಕಾರು ಲಿಫ್ಟಿನ ಮೇಲೆ, ಚಕ್ರಗಳು ಜೋತು ಬಿದ್ದಿವೆ. ಎಡಗಡೆ ಆರ್ಮಿನ ಬೋಲ್ಟನ್ನು ಅದೇ ಸ್ಥಿತಿಯಲ್ಲಿ ಪೂರ್ತಿ ಬಿಗಿಯುತ್ತಾರೆ. ಬಲಗಡೆಯದನ್ನು ಕೈಬಿಗಿಯಷ್ಟೇ ಕೂರಿಸಿ, ಆರ್ಮಿನಡಿ ಜಾಕ್ ಕೊಟ್ಟು, ಮೊದಲ ವಾರ ಅಂಟಿಸಿದ ಎತ್ತರದ ಅಂಕಿ ಬರುವವರೆಗೆ ಎತ್ತಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತಾರೆ. ಕಾರು ನೆಲಕ್ಕಿಳಿದ ಮೇಲೆ ಬಗ್ಗಿ ಟಾರ್ಚ್ ಬಿಟ್ಟು ನೋಡಬೇಕು. ಬಲಗಡೆ ಗೆರೆ ನೇರವಾಗಿಯೇ ಇದೆ. ಎಡಗಡೆ ಗೆರೆ ರಬ್ಬರಿನ ಜಾಗದಲ್ಲಿ ಓರೆಯಾಗಿ ಎಳೆದುಕೊಂಡು, ಎರಡು ತುದಿಗಳು ಬೇರೆ ಬೇರೆ ದಿಕ್ಕು ನೋಡುತ್ತಿರುತ್ತವೆ.

ಬುಶ್ಶಿನ ಒಳಗಿನ ಕೊಳವೆ ಬೋಲ್ಟಿನಿಂದ ಫ್ರೇಮಿಗೆ ಕಚ್ಚಿಕೊಂಡಿರುತ್ತದೆ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರ್. ಜೋತಾಡುವಾಗ ಬಿಗಿದರೆ ಕಾರು ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಗುಂಡಿಗೆ ಬಿದ್ದಾಗ ಇನ್ನೂ ತಿರುಚಿ, ಬೇಗ ಹರಿಯುತ್ತದೆ. ಹೊಸ ಬುಶ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಕಟಕಟ ಎನ್ನುವ ಗಾಡಿಗಳಲ್ಲಿ ಬಿಡಿಭಾಗವನ್ನು ಬಯ್ಯುವ ಮೊದಲು ಬಿಗಿದ ರೀತಿಯನ್ನು ಕೇಳಬೇಕು. ಸುಣ್ಣದ ಆ ಓರೆ ಗೆರೆ ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

ಮಧ್ಯಾಹ್ನ ಅಲೈನ್‌ಮೆಂಟ್. ಕ್ಯಾಮೆರಾ ಇರುವ ಯಂತ್ರ, ನಾಲ್ಕೂ ಚಕ್ರಕ್ಕೆ ಟಾರ್ಗೆಟ್. ಕಾರನ್ನು ಹಿಂದೆ ಮುಂದೆ ಉರುಳಿಸಿ ರಿಮ್ಮಿನ ಸೊಟ್ಟವನ್ನು ಲೆಕ್ಕದಿಂದ ಕಳೆಯುವ ಹಂತವನ್ನು ಬಹಳ ಅಂಗಡಿಗಳಲ್ಲಿ ಅವಸರದಲ್ಲಿ ಮುಗಿಸುತ್ತಾರೆ. ಇಲ್ಲಿ ಬೇಕೆಂದೇ ಒಮ್ಮೆ ತಪ್ಪಾಗಿ ಮಾಡಿಸಿ, ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಂಕಿ ಎಷ್ಟು ಬದಲಾಗುತ್ತದೆ ಎಂದು ತೋರಿಸುತ್ತಾರೆ. ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಸ್ಟೀರಿಂಗ್ ಅಕ್ಷ ವಾಲಿರುವ ಕೋನ) ಅಳೆಯಲು ಚಕ್ರದಡಿಯ ತಿರುಗು ತಟ್ಟೆಯ ಪಿನ್ ತೆಗೆದಿರಬೇಕು, ಬ್ರೇಕ್ ಅದುಮಿ ಹಿಡಿದಿರಬೇಕು. ಬ್ರೇಕ್ ಬಿಟ್ಟರೆ ಚಕ್ರ ಉರುಳಿ ಅಳತೆ ಕೆಡುತ್ತದೆ. ಈ ಕಾರಿನ ಹಿಂದಿನ ಬೀಮಿನಲ್ಲಿ ಹೊಂದಿಸುವ ಬೋಲ್ಟೇ ಇಲ್ಲ. ಹಿಂದಿನ ಅಂಕಿ ಪರದೆಯಲ್ಲಿ ಕೆಂಪು, ಅಂದರೆ ಮಿತಿ ಮೀರಿ, ಬಂದರೆ ಬೀಮ್ ಬಾಗಿದೆಯೋ ಹಬ್ ಬೇರಿಂಗ್ ಸಡಿಲವೋ ನೋಡಬೇಕು. ಅದನ್ನು ಮುಂದಿನ ಟೋದಲ್ಲಿ ಮುಚ್ಚಿಹಾಕಲು ಹೋದರೆ ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ.

ಒಂದು ಚಕ್ರಕ್ಕೆ 0.2 ಡಿಗ್ರಿ ಟೋ ತಪ್ಪಿದ್ದರೆ ಏನಾಯಿತು ಮಹಾ ಎನ್ನುವವರಿಗೆ ಬೋರ್ಡಿನ ಮೇಲೆ ಲೆಕ್ಕ ಹಾಕುತ್ತಾರೆ: ಕಿಲೋಮೀಟರಿಗೆ ಮೂರೂವರೆ ಮೀಟರ್ ಟೈರನ್ನು ಅಡ್ಡಡ್ಡ ಉಜ್ಜಿದ ಹಾಗೆ. ಟೈರಿನ ಮೇಲೆ ಕೈ ಸವರಿದರೆ ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸ. ಅದು ಟೋ ಸವೆತ. ಒಳ ಅಂಚೊಂದೇ ಬೋಳಾಗಿದ್ದರೆ ಮೊದಲ ಅನುಮಾನ ಕ್ಯಾಂಬರಿನ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನದ, ಮೇಲೆ. ಕಾರು ಒಂದು ಕಡೆಗೆ ಎಳೆಯುತ್ತಿದ್ದು ಅಂಕಿಗಳೆಲ್ಲ ಹಸಿರಿದ್ದರೆ, ಮುಂದಿನ ಟೈರುಗಳನ್ನು ಎಡ ಬಲ ಅದಲುಬದಲು ಮಾಡಿ ಓಡಿಸಬೇಕು. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು. ಒಂದೇ ದಿಕ್ಕಿಗೆ ಉರುಳಬೇಕಾದ ಟೈರಾದರೆ ಹೀಗೆ ಬದಲಿಸುವ ಮೊದಲು ಬಾಣದ ಗುರುತು ನೋಡಿಕೊಳ್ಳಿ.

ಮೂರನೇ ವಾರ ಶಾಕಪ್ಸರ್ ಮತ್ತು ಸ್ಪ್ರಿಂಗ್. ಸ್ಟ್ರಟ್ ಬಿಚ್ಚಿ ಜೋಡಿಸುವುದನ್ನು ಎಂಟೂ ಜನರ ಕೈಯಲ್ಲಿ ಮಾಡಿಸುತ್ತಾರೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ (ನಟ್ ತಿರುಗಿಸುವ ಯಂತ್ರ) ಹಿಡಿಯುವಂತಿಲ್ಲ. ರಾಡ್ ಗಿರ್ರನೆ ತಿರುಗಿ ಸೀಲ್ ಕೆಡುತ್ತದೆ. ರಾಡನ್ನು ಅಲೆನ್ ಕೀಲಿಯಲ್ಲಿ ಹಿಡಿದು ಕೈಯಿಂದಲೇ ಬಿಗಿಯಬೇಕು. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿರಬೇಕು; ಬೆರಳಗಲ ಆಚೆ ಕೂತರೂ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಣ್ ಎಂದು ಹಾರುತ್ತದೆ. ಕೊಳವೆಯೊಳಗೆ ಕೊಳವೆ ಇರುವ ಹೊಸ ಟ್ವಿನ್ ಟ್ಯೂಬ್ ಶಾಕಪ್ಸರ್ ಡಬ್ಬಿಯಲ್ಲಿ ಅಡ್ಡ ಮಲಗಿ ಬಂದಿರುತ್ತದೆ, ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ಮಲಗಿಸದೆ ಹಾಕಬೇಕು. ಹಾಗೆ ಮಾಡದೆ ಹಾಕಿದರೆ ಮೊದಲ ಹಂಪಿನಲ್ಲೇ ಹೊಸದೂ ಹಳೆಯದರಂತೆ ಲೊಡಲೊಡ ಅನ್ನುತ್ತದೆ.

ಕೊರತೆಯೂ ಇಲ್ಲಿಂದಲೇ ಶುರು. ಅಂಗಡಿಯಲ್ಲಿ ಡ್ಯಾಂಪರ್ ಡೈನೊ, ಅಂದರೆ ಶಾಕಪ್ಸರಿನ ಬಲ ಅಳೆಯುವ ಯಂತ್ರ, ಇಲ್ಲ. ವೇಗಕ್ಕೆ ಎಷ್ಟು ಬಲ ಎಂಬ ನಕ್ಷೆಯನ್ನು ಮುದ್ರಿಸಿದ ಹಾಳೆಯಲ್ಲಿ ತೋರಿಸುತ್ತಾರೆ. ಸೆಕೆಂಡಿಗೆ 0.1 ಮೀಟರಿಗಿಂತ ನಿಧಾನದ ಭಾಗ ಬಾಡಿಯ ವಾಲಾಟ, ತೂಗಾಟಕ್ಕೆ, 0.5 ಮೀಟರಿನ ಮೇಲಿನದು ಗುಂಡಿಯ ಹೊಡೆತಕ್ಕೆ. ಮೇಲಕ್ಕೆ ಎಳೆಯುವಾಗಿನ ಬಲ ಒತ್ತುವಾಗಿನದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಹೇಳುವುದೆಲ್ಲ ಸರಿ. ಆದರೆ ಟ್ಯೂನಿಂಗ್ ಕೆಲಸಕ್ಕೆ ವಾಪಸ್ ಹೋಗುವವರು ಶಾಕಪ್ಸರಿನೊಳಗಿನ ಒಂದು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದಾಗ ಗೆರೆ ಎಲ್ಲಿ ಬಾಗುತ್ತದೆ ಎಂದು ಕಣ್ಣಾರೆ ನೋಡಬೇಕು. ಹಾಳೆಯಲ್ಲಿ ಆ ಪಾಠ ಆಗುವುದಿಲ್ಲ.

ಸ್ಪ್ರಿಂಗಿನ ಲೆಕ್ಕ ಮಾತ್ರ ಚೆನ್ನಾಗಿ ಕೂರಿಸುತ್ತಾರೆ. ಬೋರ್ಡಿನ ಉದಾಹರಣೆ: ಮುಂದಿನ ಒಂದು ಮೂಲೆಗೆ ಸ್ಪ್ರಿಂಗಿನ ಮೇಲಿನ ಭಾರ 250 ಕೆ.ಜಿ., ಚಕ್ರದಲ್ಲಿ ಸಿಗುವ ಗಡಸು ಮಿ.ಮೀ.ಗೆ 18 ನ್ಯೂಟನ್, ಕಂಪನ 1.35 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಏರಿಳಿತ. ಹಿಂದೆ 170 ಕೆ.ಜಿ.ಗೆ 17 ನ್ಯೂಟನ್, 1.59 ಹರ್ಟ್ಸ್. ಹಿಂದಿನದು ಏಕೆ ಜಾಸ್ತಿ ಇರಬೇಕು? ಹಂಪು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ. ಗಂಟೆಗೆ 80 ಕಿ.ಮೀ.ನಲ್ಲಿ ಈ ವೀಲ್‌ಬೇಸಿಗೆ ಹಿಂದಿನ ಚಕ್ರ ಅಲ್ಲಿಗೆ ತಲುಪುವುದು 0.11 ಸೆಕೆಂಡ್ ತಡವಾಗಿ. ಹಿಂಭಾಗ ಸ್ವಲ್ಪ ಚುರುಕಾಗಿ ಆಡಿದರೆ ಮುಂಭಾಗದ ಜೊತೆ ಹೆಜ್ಜೆ ಕೂಡಿಕೊಂಡು ಕಾರು ತೊನೆದಾಡದೆ ಮಟ್ಟಸವಾಗಿ ಏರಿಳಿಯುತ್ತದೆ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ ಹಾಕಿಕೊಟ್ಟ ದಾರಿ ಇದು. ಈಗ ಹಿಂದಿನ ಸೀಟಿಗೆ ಇಬ್ಬರನ್ನು ಕೂರಿಸಿ, ಡಿಕ್ಕಿಗೆ ಲಗೇಜ್ ತುಂಬಿ: ಒಂದೊಂದು ಹಿಂಮೂಲೆಗೆ 100 ಕೆ.ಜಿ. ಜಾಸ್ತಿ. ಕಂಪನ 1.26 ಹರ್ಟ್ಸಿಗೆ ಇಳಿಯಿತು, ಮುಂದಿನದಕ್ಕಿಂತ ಕಡಿಮೆ. ಮದುವೆಗೆ ಹೊರಟ ಸಣ್ಣ ಕಾರು ಹೈವೇಯಲ್ಲಿ ಏಕೆ ತಲೆದೂಗುತ್ತದೆ ಎಂಬುದಕ್ಕೆ ಇಷ್ಟೇ ಉತ್ತರ.

ನಾಲ್ಕನೇ ಶನಿವಾರ ರಸ್ತೆಗೆ. ಬೆಳಗ್ಗೆ ಆರಕ್ಕೆ ಹೊರಡುತ್ತಾರೆ. ವಾರಾಂತ್ಯದಲ್ಲಿ ದೇವರಾಯನದುರ್ಗಕ್ಕೆ ಭಕ್ತರು, ಬೈಕಿನ ಹುಡುಗರು, ಕೋತಿಗಳು ಎಲ್ಲ ಒಟ್ಟಿಗೆ ಸೇರುವ ಮೊದಲು ಕೆಳಗಿಳಿದಿರಬೇಕು. ಬೆಂಗಳೂರಿನಿಂದ ಬರುವವರು ಹಿಂದಿನ ರಾತ್ರಿಯೇ ತುಮಕೂರು ಸೇರುವುದು ಕ್ಷೇಮ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ವಾಪಸ್ ಬರುವಾಗ. ಮೊದಲೇ ತಿಂದರೆ ಗಮನವೆಲ್ಲ ಹೊಟ್ಟೆಯ ತೂಗಾಟದ ಮೇಲೆ.

ಇಲ್ಲಿ ಕಲಿಸುವ ಮೊದಲ ಶಿಸ್ತು: ಎ, ಬಿ, ಮತ್ತೆ ಎ. ಮೂಲ ಸ್ಥಿತಿಯಲ್ಲಿ ಓಡಿಸಿ ಹತ್ತಕ್ಕೆ ಅಂಕ ಕೊಡಿ, ಒಂದು ಬದಲಾವಣೆ ಮಾಡಿ ಓಡಿಸಿ, ಮತ್ತೆ ಮೂಲ ಸ್ಥಿತಿಗೆ ತಂದು ಓಡಿಸಿ. ಎರಡು ಎ ಅಂಕಗಳ ನಡುವೆ ಅರ್ಧ ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ನಿಮ್ಮ ಬಿ ಅಂಕಕ್ಕೆ ಬೆಲೆ ಇಲ್ಲ. ಬದಲಾವಣೆ ಏನೆಂದು ಹೇಳುವುದಿಲ್ಲ. ಹೆಚ್ಚು ಜನ ಎಡವುವುದು ಮುಂದಿನ ಎರಡೂ ಟೈರಿನ ಗಾಳಿಯನ್ನು 6 ಪಿಎಸ್‌ಐ ಇಳಿಸಿದಾಗ. ಸ್ಟೀರಿಂಗ್ ಮಧ್ಯದಲ್ಲಿ ಮಂಕು, ಹಂಪಿನ ಹೊಡೆತ ಮೆತ್ತಗೆ. ಕೂಡಲೇ ಶಾಕಪ್ಸರ್ ಬದಲಿಸಿದ್ದೀರಾ ಎನ್ನುತ್ತಾರೆ. ಗಾಳಿ ನೋಡದೆ ಶಾಕಪ್ಸರಿನ ಮಾತೆತ್ತಬಾರದು ಎಂಬ ನಿಯಮ ಇದಕ್ಕೇ.

ಎರಡನೆಯದು ಪದಗಳು. ಇದು ಈ ತರಬೇತಿಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಸಂಗತಿ. ಇಂಗ್ಲಿಷಿನ ಪಾರಿಭಾಷಿಕ ಪದ ಬರೆದುಕೊಳ್ಳುವ ಮೊದಲು, ಗ್ಯಾರೇಜಿಗೆ ಬರುವ ಗಿರಾಕಿ ಹೇಳುವ ಮಾತನ್ನೇ ಕಂಪನಕ್ಕೆ ಜೋಡಿಸುತ್ತಾರೆ. “ತೇಲುತ್ತೆ” ಎಂದರೆ 1ರಿಂದ 2 ಹರ್ಟ್ಸ್, ಬಾಡಿ ಏರಿ ಇಳಿದು ನಿಲ್ಲುತ್ತಿಲ್ಲ. ಮೇಲೇಳುವಾಗಿನ ನಿಧಾನ ವೇಗದ ಡ್ಯಾಂಪಿಂಗ್ (ಶಾಕಪ್ಸರಿನ ತಡೆ) ನೋಡಿ. “ನಡುಗುತ್ತೆ” ಎಂದರೆ 10ರಿಂದ 15 ಹರ್ಟ್ಸ್, ಚಕ್ರ ತನ್ನಷ್ಟಕ್ಕೆ ಕುಣಿಯುತ್ತಿದೆ. ಸತ್ತ ಶಾಕಪ್ಸರ್, ಇಲ್ಲವೇ ಬ್ಯಾಲೆನ್ಸ್. “ಕುಕ್ಕುತ್ತೆ” ಎಂದರೆ ಸಸ್ಪೆನ್ಶನ್ ಕೊನೆಮುಟ್ಟಿ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ಬಡಿಯುತ್ತಿದೆ. ಭಾರ, ಎತ್ತರ, ರಬ್ಬರ್ ಪುಡಿಯಾಗಿದೆಯೋ ನೋಡಿ. “ಎಗರುತ್ತೆ” ಎನ್ನುವುದು ಬಹುತೇಕ ಹಿಂಭಾಗದ್ದು. “ಕಟಕಟ” ನಿಧಾನದ ರಸ್ತೆಯಲ್ಲಿ ಬಂದರೆ ವಾಲಾಟ ತಡೆಯುವ ಸರಳಿನ ಸ್ಟೆಬಿಲೈಜರ್ ಲಿಂಕ್ ಮೊದಲು, ಬಾಲ್ ಜಾಯಿಂಟ್ ಆಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಡಿಸ್ಕಿನ ದಪ್ಪ ಏರುಪೇರು, ಸಸ್ಪೆನ್ಶನ್ ಬಿಚ್ಚಬೇಡಿ. ಸಂದರ್ಶನದಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕಾಗುತ್ತದೆ, ನಿಜ. ಆದರೆ ಸೊಂಟಕ್ಕೆ ಮೊದಲು ಹೊಳೆಯುವುದು “ಕುಕ್ಕಿತು” ಎಂಬ ಪದವೇ. ಅಲ್ಲಿಂದ ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ.

ಘಟ್ಟದ ತಿರುವಿನಲ್ಲಿ ಹಿಡಿತದ ಕೊನೆ ಹುಡುಕಲು ಬಿಡುವುದಿಲ್ಲ, ಇದು ಸರಿಯಾದ ನಿಲುವು. ಅಂತರರಾಷ್ಟ್ರೀಯ ಮಾನದಂಡಗಳಾದ ಐಎಸ್‌ಒ 3888ರ ಲೇನ್ ಬದಲಾವಣೆ, ಐಎಸ್‌ಒ 4138ರ ವೃತ್ತದ ಪರೀಕ್ಷೆ ಇವೆಲ್ಲ ಮುಚ್ಚಿದ ಟ್ರ್ಯಾಕಿನ ಕೆಲಸ. ಇಂದೋರ್ ಬಳಿಯ ನ್ಯಾಟ್ರಾಕ್ಸ್‌ನಂಥ ಜಾಗಗಳು ಇರುವುದೇ ಅದಕ್ಕೆ. ಇಲ್ಲಿ ಶೆಡ್ಡಿನ ಪಕ್ಕದ ಬಯಲಿನಲ್ಲಿ ಕೋನ್ ಇಟ್ಟು 30–40 ಕಿ.ಮೀ.ನಲ್ಲಿ ಅಂಕುಡೊಂಕು ಓಡಿಸುತ್ತಾರೆ. ಸ್ಟೀರಿಂಗ್ ತಿರುಗಿಸಿದ್ದಕ್ಕೂ ಮೂತಿ ತಿರುಗಿದ್ದಕ್ಕೂ ನಡುವಿನ ತಡವನ್ನು ಗುರುತಿಸಲು ಅಷ್ಟು ಸಾಕು. ಆದರೆ ಒಬ್ಬೊಬ್ಬರಿಗೆ ಸ್ಟೀರಿಂಗ್ ಸಿಗುವುದು ಒಟ್ಟು ಎರಡು ಗಂಟೆ ಮಾತ್ರ. ಇನ್ನೊಂದು ಕಾರು ಬೇಕೇ ಬೇಕು.

ಐದನೇ ವಾರದ ಡೇಟಾ ಪಾಠ ಸಾಧಾರಣ. ಫೋನಿನ ಸೆನ್ಸರಿನಿಂದ 100 ಹರ್ಟ್ಸ್‌ನಲ್ಲಿ ದಾಖಲಿಸಿ, ಪೈಥಾನಿನಲ್ಲಿ ಕಂಪನದ ನಕ್ಷೆ ಬಿಡಿಸುತ್ತಾರೆ. ಉಪಯೋಗಕ್ಕೆ ಬರುವ ಎಚ್ಚರಿಕೆ ಒಂದಿದೆ: ಫೋನನ್ನು ಗಾಜಿಗೆ ಅಂಟುವ ಹೋಲ್ಡರಿನಲ್ಲಿಟ್ಟರೆ ನಕ್ಷೆಯಲ್ಲಿ ಎದ್ದು ಕಾಣುವ ಶಿಖರ ಹೋಲ್ಡರಿನದ್ದೇ ಆಗಿರುತ್ತದೆ, ಕಾರಿನದ್ದಲ್ಲ. ಸೀಟಿನ ರೈಲಿಗೆ ಎರಡು ಬದಿಯ ಟೇಪಿನಲ್ಲಿ ಗಟ್ಟಿಯಾಗಿ ಅಂಟಿಸಿ. ಮನುಷ್ಯನ ಮೈ ಮೇಲೆ ಕೆಳಗಿನ ಅಲುಗಾಟವನ್ನು ಹೆಚ್ಚು ಸಹಿಸದಿರುವುದು 4ರಿಂದ 8 ಹರ್ಟ್ಸ್ ನಡುವೆ; ಐಎಸ್‌ಒ 2631 ಮಾನದಂಡ ಆ ಕಂಪನಗಳಿಗೆ ಹೆಚ್ಚು ತೂಕ ಕೊಡುವುದೂ ಅದಕ್ಕೇ. ಆ ತೂಕ ಹಾಕದೆ ಎರಡು ಕಾರುಗಳ ಬರಿ ಸರಾಸರಿ ಹೋಲಿಸುವುದನ್ನು ತರಗತಿಯಲ್ಲಿ ಯಾರೂ ತಿದ್ದಲಿಲ್ಲ. ತಿದ್ದಬೇಕಿತ್ತು.

ಕೊನೆಯ ಶನಿವಾರದ ಕೆಲಸಕ್ಕೆ ಮರಳುವ ಪಾಠ ಪೇಲವ. ರೆಸ್ಯೂಮೆಯಲ್ಲಿ ಬಿಡುವಿನ ವರ್ಷಗಳನ್ನು ಮುಚ್ಚಿಡಬೇಡಿ ಎಂಬ ಸಲಹೆಗೆ 18,000 ಕೊಡಬೇಕಿಲ್ಲ. ಈ ಹತ್ತು ವರ್ಷದಲ್ಲಿ ಬದಲಾದದ್ದನ್ನು ಬಿಡಿಸಿ ಹೇಳುವ ಜಾಗ ಇದಾಗಿತ್ತು. ಎಲೆಕ್ಟ್ರಿಕ್ ಸ್ಟೀರಿಂಗಿನಲ್ಲಿ ಹಗುರ, ಭಾರ, ತಾನಾಗಿ ಮಧ್ಯಕ್ಕೆ ಮರಳುವುದು ಇವೆಲ್ಲ ಈಗ ಬಹುಪಾಲು ಸಾಫ್ಟ್‌ವೇರಿನ ಅಂಕಿಗಳು. ಆ ಟ್ಯೂನಿಂಗ್ ಇಲ್ಲಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ನೆಲದಲ್ಲಿರುವುದರಿಂದ ವಾಲಾಟ ಕಡಿಮೆ, ಆದರೆ ಒಟ್ಟು ಭಾರ ಹೆಚ್ಚಿ ಸ್ಪ್ರಿಂಗ್ ಗಡಸಾಗುತ್ತದೆ, ಟೈರಿಗೆ ಹೆಚ್ಚು ಹೊರುವ ಶಕ್ತಿ ಬೇಕಾಗುತ್ತದೆ, ಸಣ್ಣ ಗುಂಡಿಯ ಹೊಡೆತ ಮೆತ್ತಗೆ ಮಾಡುವುದು ಕಷ್ಟವಾಗುತ್ತದೆ. ಇದು ಐದು ನಿಮಿಷದಲ್ಲಿ ಮುಗಿಯಿತು. ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೆ ಹಲವು ಆರ್ಮುಗಳ) ಹಿಂಭಾಗದ ಒಂದು ಕಾರನ್ನೂ ಬಿಚ್ಚಿ ತೋರಿಸುವುದಿಲ್ಲ. ಆಡಮ್ಸ್, ಕಾರ್‌ಸಿಮ್‌ನಂಥ ದುಬಾರಿ ಸಾಫ್ಟ್‌ವೇರ್ ಇಲ್ಲದಿರುವುದು ಅರ್ಥವಾಗುತ್ತದೆ. ಬದಲಿಗೆ ಸ್ಪ್ರೆಡ್‌ಶೀಟಿನಲ್ಲಿ ಮಾಡಿಸುವ, ಕಾರನ್ನು ಎರಡೇ ಚಕ್ರಕ್ಕೆ ಇಳಿಸಿ ಲೆಕ್ಕ ಹಾಕುವ ಮಾದರಿ, ಅಂಡರ್‌ಸ್ಟಿಯರ್ (ತಿರುವಿನಲ್ಲಿ ಮೂತಿ ಬೇಕಾದಷ್ಟು ತಿರುಗದಿರುವುದು) ಲೆಕ್ಕ ಸಂದರ್ಶನಕ್ಕೆ ಧಾರಾಳ ಸಾಕು.

ಪಾಠ ಕನ್ನಡದಲ್ಲಿ, ಟಿಪ್ಪಣಿ ಪೂರ್ತಿ ಇಂಗ್ಲಿಷಿನಲ್ಲಿ. “ತೇಲುತ್ತೆ”, “ಕುಕ್ಕುತ್ತೆ” ಎಂಬ ಆ ಪದಗಳ ಪಟ್ಟಿ ಟಿಪ್ಪಣಿಯಲ್ಲಿ ಇಲ್ಲವೇ ಇಲ್ಲ, ಕೈಯಾರೆ ಬರೆದುಕೊಳ್ಳಬೇಕು. ಸರ್ಟಿಫಿಕೇಟ್ ಕೊಡುತ್ತಾರೆ, ಅದನ್ನು ಯಾವ ಕಂಪನಿಯೂ ಕೇಳುವುದಿಲ್ಲ. ಸಂದರ್ಶನದಲ್ಲಿ ತೋರಿಸಲು ಉಪಯೋಗವಾಗುವುದು ನಾಲ್ಕನೇ ವಾರದ ನಿಮ್ಮ ಅಂಕಪಟ್ಟಿ: ಎರಡು ಎ ಅಂಕಗಳು ಎಷ್ಟು ಹತ್ತಿರ ಬಂದವು ಎಂಬ ಹಾಳೆ.

ಡ್ಯಾಂಪರ್ ಟ್ಯೂನಿಂಗಿಗೇ ಮರಳುವವರು ಡೈನೊ ಬರುವವರೆಗೆ ಕಾಯಿರಿ. ಟೆಸ್ಟಿಂಗ್, ಮೌಲ್ಯಮಾಪನ, ಸರ್ವಿಸ್ ಕಡೆಯ ಚಾಸಿ ಕೆಲಸ ಹುಡುಕುವವರು ಈಗಲೇ ಸೇರಬಹುದು. ಹಣ ಕಟ್ಟುವ ಮೊದಲು ಎರಡನೇ ವಾರ ಅಣ್ಣ ಇರುತ್ತಾರೋ ಕೇಳಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ಅಂಗಡಿಗೆ ಗಾಡಿ ತುಂಬಿದರೆ ಆ ಪಾಠವನ್ನೂ ಸರ್ ಅವರೇ ಸ್ಲೈಡಿನಲ್ಲಿ ಮುಗಿಸುತ್ತಾರೆ, ಸೀಮೆಸುಣ್ಣ ಹೊರಬರುವುದೇ ಇಲ್ಲ.